ಅಪ್ಪನ ಬೂಟಿಗೆ ಅಕ್ಕನ ಪರೀಕ್ಷೆ

ನಾನು ಚಿಕ್ಕವನಿದ್ದಾಗ, ಸ್ವಾತಂತ್ರ್ಯ ಬಂದ ಹೊಸತರಲ್ಲಿ, ಕೊಡಗು ಇನ್ನೂ ತನ್ನದೇ ಒಂದು ಪುಟ್ಟ ರಾಜ್ಯವಾಗಿದ್ದ ಕಾಲದಲ್ಲಿ, ನಮ್ಮ ಅಪ್ಪ ಒಂದು ಜೊತೆ ಬೂಟು ಕೊಂಡರು. ಅದನ್ನು ಹೇಳಲು ಹೊರಟರೆ ಸಾಕು, ನನಗೆ ಈಗಲೂ ನಗು ಉಕ್ಕಿ ಬರುತ್ತದೆ ಮಕ್ಕಳೇ!

ಅಪ್ಪನ ಕಾಲು ಅಲ್ಲಿಯವರೆಗೆ ಚಪ್ಪಲಿಯನ್ನೂ ಕಂಡಿರಲಿಲ್ಲ. ಹಿಮ್ಮಡಿಯ ತುಂಬಾ ಬಿರುಕು, ಬೀಸಣಿಗೆಯಂತೆ ಬಿಚ್ಚಿಕೊಂಡ ಬೆರಳು. ಮರದ ಬೇರಿನಷ್ಟು ಗಟ್ಟಿ ಕಾಲು ಅದು. ಆ ವರ್ಷ ಮಳೆ ಹಿಡಿಯುವ ಮುಂಚೆ ಪಕ್ಕದ ಎಸ್ಟೇಟಿನಲ್ಲಿ ಏಲಕ್ಕಿ ಕಾಡು ಕಾಯುವ ಕೆಲಸ ಖಾಲಿ ಬಿತ್ತು. ವರ್ಷವಿಡೀ ಇರುವ ಕೆಲಸ! ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಅಪ್ಪನನ್ನು ಕರೆದು, "ಸೋಮವಾರ ಬೂಟು ಹಾಕ್ಕೊಂಡು ಬಾ. ಹೋದ ಸಲ ಕಾವಲಿನವನಿಗೆ ಹಾವು ಕಚ್ಚಿ ತೋಟದ ದೊರೆ ಹೆದರಿಬಿಟ್ಟಿದಾರೆ. ಬೂಟಿಲ್ಲ ಅಂದ್ರೆ ಕೆಲಸ ಇನ್ನೊಬ್ಬನಿಗೆ" ಎಂದರು.

ಅಪ್ಪನಿಗೆ ಬೂಟು ಸಿಕ್ಕರೆ ಸಾಕಾಗಿತ್ತು. ಅಕ್ಕನಿಗೆ ಸಾಲದು. ಅವಳಿಗಾಗ ಹದಿನೈದು ವರ್ಷ, ಅದೇ ಎಸ್ಟೇಟಿನಲ್ಲಿ ಕಾಫಿ ಕೊಯ್ಯುತ್ತಿದ್ದಳು. ಅಲ್ಲಿ ಲಾರಿ ಓಡಿಸುವವನಿಗೆ ಹೊಸ ಬೂಟು ಕಚ್ಚಿ, ಕೀವು ತುಂಬಿ, ಅವನು ಹದಿನೈದು ದಿನ ಕುಂಟಿದ್ದನ್ನು ಕಣ್ಣಾರೆ ನೋಡಿದ್ದಳು. ದಿನವೂ ಗುಡ್ಡ ಹತ್ತಿಳಿಯುವವನು ಹದಿನೈದು ದಿನ ಕುಂಟಿದರೆ ಆ ಕೆಲಸ ಉಳಿಯುತ್ತದೆಯೇ? "ಸಂತೆಗೆ ನಾನೂ ಬರ್ತೀನಿ" ಎಂದು ಸೆರಗು ಬಿಗಿದಳು. ಅವಳ ಬಾಲ ನಾನು.

ಶನಿವಾರಸಂತೆ ಊರಿನ ಸಂತೆಯೆಂದರೆ ಮೊದಲು ಮೂಗಿಗೇ ಗೊತ್ತಾಗುತ್ತಿತ್ತು. ಒಣಮೀನು, ಹೊಗೆಸೊಪ್ಪು, ಬೆಲ್ಲ, ಎತ್ತಿನ ಗಂಜಲ. ಒಂದು ಮೂಲೆಯಲ್ಲಿ ಸಾಬರೊಬ್ಬರು ಹಳೆಯ ಮಿಲಿಟ್ರಿ ಬೂಟುಗಳನ್ನು ರಾಶಿ ಹಾಕಿಕೊಂಡು ಕೂತಿದ್ದರು. ಅಪ್ಪ ನೇರ ಹೋಗಿ ಕನ್ನಡಿಯಂತೆ ಹೊಳೆಯುವ ಒಂದು ಜೊತೆಗೆ ಕೈ ಹಾಕಿದರು. ಕಾಲು ತುರುಕಿ ನಿಂತರು.

"ಸರಿಯಾಗೇ ಅದೆ."

ಅಕ್ಕ ಕುಕ್ಕರಗಾಲಲ್ಲಿ ಕೂತು ಬೂಟಿನ ಮೂತಿ ಒತ್ತಿದಳು. ಅಲ್ಲಿ ಬೆರಳೇ ಇಲ್ಲ, ಖಾಲಿ!

"ನೋಡವ್ವ, ಮುಂದೆ ಎಷ್ಟು ಜಾಗ ಅದೆ!" ಎಂದರು ಸಾಬರು.

"ಆ ದಿಬ್ಬ ಹತ್ತಿ ಇಳಿದು ಬಾಪ್ಪ" ಎಂದಳು ಅಕ್ಕ.

ಅಪ್ಪ ಹತ್ತಿದರು. ಇಳಿಯುವಾಗ ಮಾತ್ರ ಹಾಗಲಕಾಯಿ ಕಚ್ಚಿದವರಂತೆ ಮುಖ ಮಾಡಿಕೊಂಡು ಬಂದರು.

"ನೋಯ್ತದಾ?"

"ಬೂಟು ಅಂದ್ಮೇಲೆ ಹಿಡೀಬೇಕು ಕಣವ್ವ. ಸಡಿಲ ಆದ್ರೆ ಕೆಸರಲ್ಲಿ ಕಳಚ್ಕೊಳ್ಳಲ್ವಾ?"

ಅಕ್ಕ ಮತ್ತೆ ಕೂತು ಬೂಟನ್ನು ನಡುವಿನಲ್ಲಿ ಒತ್ತಿದಳು. ಅಲ್ಲಿ ಗೆಣಸಿನ ಗಡ್ಡೆಯ ಹಾಗೆ ಉಬ್ಬು. "ಅಪ್ಪ, ಬೆರಳು ಮಡಚಿದೀಯಲ್ಲ! ಬಿಡು."

"ಬಿಟ್ಟೇ ಇದೀನಲ್ಲವ್ವ!"

ಪಾಪ, ಅಪ್ಪ ಸುಳ್ಳು ಹೇಳಿದ್ದಲ್ಲ. ಹುಟ್ಟಿದಾಗಿನಿಂದ ಬರಿಗಾಲಲ್ಲಿ ಗದ್ದೆಯ ಜಾರು ಬದುವಿನ ಮೇಲೆ ನಡೆದವರು. ಕಾಲಿನಡಿ ಹೊಸದೇನು ಬಂದರೂ ಬೆರಳು ತಾನಾಗಿಯೇ ಮಡಚಿ ನೆಲ ಹಿಡಿಯುತ್ತಿತ್ತು. ಹೀಗೆ ಮಡಚಿದರೆ ಎಂಥ ಚಿಕ್ಕ ಬೂಟೂ ಸರಿಯೇ ತಾನೆ?

ಅಕ್ಕ ಅವರನ್ನು ಗೋಣಿಯ ಮೇಲೆ ಕೂರಿಸಿ, ಬೂಟು ಬಿಚ್ಚದೆ ಕಾಲು ಚಾಚಿಸಿದಳು. ಹಿಡಿಯಲು ನೆಲವೇ ಇಲ್ಲವಲ್ಲ! ಬೆರಳು ಮೆಲ್ಲಗೆ ನೆಟ್ಟಗಾಯಿತು. "ಅಯ್ಯಯ್ಯಪ್ಪೋ!" ಎಂದು ಅಪ್ಪ ಕೂಗಿದ್ದಕ್ಕೆ ಎದುರಿನ ಕೋಳಿ ಬುಟ್ಟಿಯಲ್ಲಿ ಕೋಳಿಗಳೆಲ್ಲ ಗಲಾಟೆ ಎಬ್ಬಿಸಿದವು.

ಆಮೇಲೆ ಅಕ್ಕ ರಾಶಿಗೇ ಇಳಿದಳು. ಎರಡನೆಯದು ಪಕ್ಕದಲ್ಲಿ ಬಿಗಿ. ಮೂರನೆಯದರಲ್ಲಿ ಹಿಮ್ಮಡಿ ಮೇಲೇಳುತ್ತಿತ್ತು. ನಾಲ್ಕನೆಯದು ಎಡಗಾಲಿಗೆ ಆಯಿತು, ಬಲಗಾಲಿಗೆ ಆಗಲಿಲ್ಲ. ಅಪ್ಪನಿಗೆ ನಾಚಿಕೆ. "ಸಾಕು ಬಾರವ್ವ, ಜನ ನೋಡ್ತಾವ್ರೆ" ಎಂದು ಗೊಣಗಿದರು. ಸಾಬರಿಗೂ ತಾಳ್ಮೆ ಮುಗಿಯಿತು.

"ಏನವ್ವ, ಬೂಟು ನೋಡ್ತಿದೀಯೋ, ಮದುವೆಗೆ ಗಂಡು ನೋಡ್ತಿದೀಯೋ?"

"ಗಂಡಾದ್ರೆ ಹೊಂದ್ಕೊಂಡು ಹೋಗ್ತಾನೆ ಸಾಬರೇ, ಬೂಟು ಹೊಂದ್ಕೊಳ್ಳಲ್ಲ!"

ಸಾಬರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕ ಮೇಲೆ ತಾವೇ ಎದ್ದು ರಾಶಿಯ ಅಡಿಗೆ ಕೈ ಹಾಕಿ ಒಂದು ಜೊತೆ ಎಳೆದರು. ಕೆಸರಿನ ಬಣ್ಣ, ಕಪ್ಪೆ ಬಾಯಿಯಷ್ಟು ಅಗಲ, ನೋಡಲು ಚೂರೂ ಚೆಂದವಿಲ್ಲ. ಜಿಗಣೆ ಹತ್ತದಂತೆ ಅಪ್ಪ ಕಾಡಿನಲ್ಲಿ ಕಾಲಿಗೆ ಕಂಬಳಿಯ ಪಟ್ಟಿ ಸುತ್ತಿಕೊಳ್ಳಬೇಕಲ್ಲ, ಅಕ್ಕ ಅದನ್ನೂ ಮನೆಯಿಂದ ತಂದಿದ್ದಳು! ಪಟ್ಟಿ ಸುತ್ತಿ ಬೂಟು ತೊಡಿಸಿದಳು, ಕೂರಿಸಿ ಕಾಲು ಚಾಚಿಸಿದಳು, ತಲೆಯ ಮೇಲೆ ಪಕ್ಕದ ಅಂಗಡಿಯ ರಾಗಿ ಮೂಟೆ ಹೊರಿಸಿ ದಿಬ್ಬ ಹತ್ತಿಸಿದಳು. ನಾನು ಅಪ್ಪನ ಮುಖವನ್ನೇ ನೋಡುತ್ತಿದ್ದೆ. ಅಪ್ಪ ಇಳಿದು ಬಂದದ್ದು ನಗುತ್ತಾ!

"ಕಾಲು ಮನೆ ಸೇರ್ಕೊಂಡಂಗಾಯ್ತು ಕಣವ್ವ."

ಅಕ್ಕ ಅಷ್ಟಕ್ಕೂ ಬಿಡಲಿಲ್ಲ. ಮನೆಯವರೆಗೂ ಅದನ್ನೇ ಹಾಕಿಸಿ ನಡೆಸಿದಳು. ಅಂಗಳದಲ್ಲಿ ಬೂಟು ಬಿಚ್ಚಿಸಿ, ಇಳಿಬಿಸಿಲಿನಲ್ಲಿ ಹತ್ತೂ ಬೆರಳು ಒಂದೊಂದಾಗಿ ಬಿಡಿಸಿ ನೋಡಿದಳು. ಒಂದೂ ಗುಳ್ಳೆ ಇರಲಿಲ್ಲ. ಆಗ ಮಾತ್ರ, "ಇನ್ನು ಕೆಲಸಕ್ಕೆ ಹೋಗಪ್ಪ" ಎಂದಳು.

ಈಗ ನಿಮಗೆ ಶಾಲೆಗೆ ಒಂದು ಜೊತೆ, ಆಟಕ್ಕೆ ಒಂದು ಜೊತೆ, ಬಚ್ಚಲಿಗೂ ಒಂದು ಜೊತೆ. ಫೋನಿನಲ್ಲಿ ನಂಬರು ಒತ್ತಿದರೆ ಡಬ್ಬಿ ಬಾಗಿಲಿಗೇ ಬರುತ್ತದೆ, ಆಗದಿದ್ದರೆ ವಾಪಸ್ಸೂ ಹೋಗುತ್ತದೆ. ನೋಡಿ ನನಗೆ ಸಂತೋಷವೇ! ಮೊನ್ನೆ ಕೇಳಿದಿರಲ್ಲ, "ತಾತ, ಮುತ್ತಾತನ ಬೂಟು ಎಷ್ಟು ನಂಬರು?" ಎಂದು. ಗೊತ್ತಿಲ್ಲ ಕಣ್ರೋ. ಅದರ ಮೇಲೆ ಬರೆದಿತ್ತೋ ಏನೋ, ಓದುವವರು ನಮ್ಮಲ್ಲಿ ಯಾರಿದ್ದರು? ಸೋಮವಾರ ಬೆಳಿಗ್ಗೆ ಅಪ್ಪ ಮಂಜಿನೊಳಗೆ ಆ ಬೂಟು ಹಾಕಿ ಎಸ್ಟೇಟಿನ ಇಳಿಜಾರು ಇಳಿದರು. ಬಾಗಿಲಲ್ಲಿ ನಿಂತು ಅಕ್ಕನೂ ನಾನೂ ಕಿವಿಗೊಟ್ಟು ಕೇಳಿದೆವು. ಧಪ್, ಧಪ್, ಧಪ್. ಕೆಳಗೆ ಹರಿಯುವ ತೋಡು ದಾಟುವವರೆಗೂ ಆ ಸದ್ದು ಎಲ್ಲೂ ಕುಂಟಲಿಲ್ಲ.