ಗೇಟಿನ ಬಳಿ ಸಿಗದವರು

ನನ್ನ ಬೆನ್ನುನೋವು ಒಮ್ಮೆ ಒಂದು ಎಂ.ಫಿಲ್. ಪ್ರಬಂಧವನ್ನೇ ಮಲಗಿಸುವುದರಲ್ಲಿತ್ತು. ನಂಬಿ.

ತೊಂಬತ್ತರ ದಶಕ. ಲಗ್ಗೆರೆಯಲ್ಲಿ ಮನೆ, ಪೀಣ್ಯದ ಬಲ್ಬ್ ಕಾರ್ಖಾನೆಯ ಪ್ಯಾಕಿಂಗ್‌ನಲ್ಲಿ ನನ್ನ ಕೆಲಸ. ನಾದಿನಿ ಸುಧಾ ನಮ್ಮ ಜೊತೆಗಿದ್ದು ಓದುತ್ತಿದ್ದಳು. ಅವಳ ವಿಷಯ, ನಿಂತು ಕೆಲಸ ಮಾಡುವ ಹೆಂಗಸರ ಬೆನ್ನುನೋವು. (ಬೆನ್ನು ನಮ್ಮದು, ಡಿಗ್ರಿ ಅವಳದು!)

ಸೋಮವಾರ ಪ್ರಬಂಧ ಒಪ್ಪಿಸಲು ಕೊನೆಯ ದಿನ. ಶನಿವಾರ ಬೆಳಿಗ್ಗೆ ಗೈಡ್ ಒಂದು ಅಧ್ಯಾಯ ವಾಪಸ್ ಕೊಟ್ಟರು. "ಸ್ಯಾಂಪಲ್ ಹೇಗೆ ಆರಿಸ್ದೆ ಅಂತ ನಿಮ್ಮತ್ತಿಗೆಗೂ ಅರ್ಥ ಆಗೋ ಹಾಗೆ ಬರೀಮ್ಮ" ಅಂದರಂತೆ. ಅತ್ತಿಗೆಗೂ!

ಸುಧಾ ಗಂಭೀರವಾಗಿ ಓದಿದಳು: "ಸರಳ ಯಾದೃಚ್ಛಿಕ ವಿಧಾನದಿಂದ ಮಾಹಿತಿದಾರರನ್ನು ಆಯ್ಕೆ ಮಾಡಲಾಯಿತು." (ಆ ಪದವನ್ನು ಫೋನಿನಲ್ಲಿ ಕುಟ್ಟಲು ಈಗ ನನಗೆ ಮೂರು ಸಲ ಬೇಕಾಯಿತು. ಮೊಮ್ಮಗಳೇ ಸಾಕ್ಷಿ.)

"ಕನ್ನಡದಲ್ಲಿ ಹೇಳೇ."

"ಇದು ಕನ್ನಡಾನೇ ಅತ್ತಿಗೆ! ಎಲ್ಲರ ಹೆಸರಿನ ಚೀಟಿ ಹಾಕಿ ಎತ್ತಿದ ಹಾಗೆ ಅಂತ."

"ನೀನು ಏನ್ ಮಾಡ್ದೆ, ಅದನ್ನ ಹೇಳು."

"ಒಂದು ವಾರ ಶಿಫ್ಟ್ ಬಿಡೋ ಹೊತ್ತಿಗೆ ನಿಮ್ಮ ಗೇಟ್ ಹತ್ರ ನಿಂತೆ. ಸಿಕ್ಕಿದೋರ್ನ ಕೇಳ್ದೆ."

"ನನ್ನನ್ಯಾಕೆ ಕೇಳ್ಲಿಲ್ಲ?"

"ನೀವು ಆ ವಾರ ರಜ ಹಾಕಿದ್ರಲ್ಲ."

"ಯಾಕೆ ಹಾಕಿದ್ದೆ?"

ಆ ವಾರ ಬೆನ್ನು ಹಿಡಿದು, ಏಳಲಾಗದೆ ನಾನು ಚಾಪೆಯ ಮೇಲಿದ್ದೆ. ನನ್ನಂತೆ ಮಲಗಿದವರು, ನೋವು ತಾಳದೆ ಕೆಲಸವನ್ನೇ ಬಿಟ್ಟವರು ಅವಳ ಪಟ್ಟಿಯಲ್ಲಿ ಒಬ್ಬರೂ ಇರಲಿಲ್ಲ. "ನೋವು ತೀವ್ರವಾಗಿಲ್ಲ" ಎಂಬ ಅವಳ ತೀರ್ಮಾನ, ನೆಟ್ಟಗೆ ನಡೆದು ಹೊರಬಂದವರನ್ನು ಕೇಳಿ ಬರೆದದ್ದು!

"ಇದನ್ನ ಬಿಡಿಸಿ ಬರೆದ್ರೆ ವೈವಾದಲ್ಲಿ ನನ್ನ ಕಥೆ ಮುಗೀತು ಅತ್ತಿಗೆ." ಹಳೆಯ ವಾಕ್ಯವನ್ನು ಹಾಗೇ ಬಿಟ್ಟರೆ ಯಾರಿಗೆ ಗೊತ್ತಾಗಬೇಕು? ಎರಡು ವರ್ಷದ ಓದು ಕಣ್ರೀ!

"ಬರಿ" ಅಂದೆ ಕೊನೆಗೆ. "ಯಾರು ಸಿಗ್ಲಿಲ್ಲ ಅನ್ನೋದನ್ನೂ ಬರಿ."

ಬರೆದಳು. "ಗೇಟಿನ ಬಳಿ ಸಿಕ್ಕವರನ್ನು ಮಾತ್ರ ಕೇಳಿದ್ದೇನೆ. ರಜೆಯಲ್ಲಿದ್ದವರು, ಕೆಲಸ ಬಿಟ್ಟವರು ಇದರಲ್ಲಿಲ್ಲ. ನೋವು ಇದಕ್ಕಿಂತ ಹೆಚ್ಚಿರಬಹುದು." ಟೈಪಿಂಗ್ ಅಂಗಡಿಯವರು ಗೊಣಗುತ್ತಲೇ ಇಡೀ ಅಧ್ಯಾಯ ಮತ್ತೆ ಹೊಡೆದುಕೊಟ್ಟರು.

ವೈವಾ ದಿನ ನಾನು ಹೊರಗಿನ ಬೆಂಚಿನ ಮೇಲಿದ್ದೆ. ಸುಧಾ ಮುಖ ಕೆಂಪಗೆ ಮಾಡಿಕೊಂಡು ಬಂದಳು.

"ಏನಂದ್ರೇ?"

"ಪ್ರಾಮಾಣಿಕವಾಗಿ ಬರೆದಿದೀಯಮ್ಮ, ಆದ್ರೆ ಸಿಗದೇ ಇದ್ದೋರ್ನ ಹುಡುಕಿ, ಕೇಳಿ, ಆರು ತಿಂಗಳಲ್ಲಿ ಮತ್ತೆ ಬಾ ಅಂದ್ರು."

ಪಾಸೂ ಅಲ್ಲ, ಫೇಲೂ ಅಲ್ಲ.

ಮನೆಗೆ ಬಂದವಳೇ ಹೊಸ ನೋಟ್‌ಬುಕ್ ತೆಗೆದು ನನ್ನೆದುರು ಕುಳಿತಳು. "ಹೇಳಿ ಅತ್ತಿಗೆ, ನಿಮಗೆ ನೋವು ಎಲ್ಲಿ?"

ಬೆನ್ನುನೋವಿನ ಬಗ್ಗೆ ಎರಡು ವರ್ಷ ಓದಿದವಳು ಅದನ್ನು ನನ್ನನ್ನು ಕೇಳಿದ್ದು ಅದೇ ಮೊದಲು!