ನಾನು ಬಣ್ಣ ಹಚ್ಚದ ಮುಖ

ದುರುಗಪ್ಪ ಮೇಷ್ಟ್ರ ಮುಖವನ್ನು ನಾನು ಮುಟ್ಟಲಿಲ್ಲ — ಅವರ ಜಾತಿಗೆ ಹೇಸಿ ಮುಟ್ಟಲಿಲ್ಲ. ಅದನ್ನೇ ಕಲೆ ಎಂದು ಊರು ಹೊಗಳಿದಾಗ ಸುಮ್ಮನೆ ಕೂತು ಹೊಗಳಿಸಿಕೊಂಡೆ. ಹೇಳಬೇಕಾದದ್ದು ಇಷ್ಟೇ. ಓದಲು ಮುಜುಗರವಾದವರು ಇಲ್ಲಿಗೇ ನಿಲ್ಲಿಸಬಹುದು, ನಾನಂತೂ ನಿಲ್ಲಿಸುವುದಿಲ್ಲ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ನಾನು ಹಗಲು ನೀರಾವರಿ ಕಚೇರಿಯ ಗುಮಾಸ್ತ, ಸಂಜೆ ಬಳ್ಳಾರಿಯ ನಮ್ಮ ಹವ್ಯಾಸಿ ತಂಡದಲ್ಲಿ ಬಣ್ಣ ಹಚ್ಚುವವ. ಆ ವರ್ಷ ಎತ್ತಿಕೊಂಡದ್ದು ಒಂದು ಹಳೆಯ ವಿದೇಶಿ ನಾಟಕದ ಅನುವಾದ: ಮಾಡದ ತಪ್ಪಿಗೆ ಕರಿಯನೊಬ್ಬನನ್ನು ಬಿಳಿಯರ ಕೋರ್ಟು ಗಲ್ಲಿಗೆ ಕಳಿಸುವ ಕತೆ. ಓದುತ್ತ ಓದುತ್ತ ನಾವೆಲ್ಲ ಕಣ್ಣೊರೆಸಿಕೊಂಡೆವು — ನಾನೂ! ಕರಿಯನ ಪಾತ್ರ ಸಿರಿಗೇರಿಯ ಪ್ರೈಮರಿ ಶಾಲೆಯ ದುರುಗಪ್ಪ ಮೇಷ್ಟ್ರಿಗೆ. ಮೂರು ತಿಂಗಳು ದಿನಾ ಬಸ್ಸು ಹತ್ತಿ ತಾಲೀಮಿಗೆ ಬಂದರು. ತಂಡದಲ್ಲಿದ್ದ ಉಳಿದ ಮೇಷ್ಟ್ರುಗಳಿಗೆ ನಾನು ‘ರೀ’ ಹಚ್ಚಿ ಮಾತಾಡುತ್ತಿದ್ದೆ. ಕೇರಿಯಿಂದ ಬಂದ ಅವರಿಗೆ ಮಾತ್ರ ‘ಲೇ’.

ನಮ್ಮ ತಂಡದಲ್ಲೊಂದು ಪದ್ಧತಿ. ನಾಟಕಕ್ಕೆ ಮೊದಲು ಬಣ್ಣದ ತಟ್ಟೆಗೆ ಕರ್ಪೂರ ಬೆಳಗಿ, ಮೊದಲ ಬೊಟ್ಟನ್ನು ಮುಖ್ಯ ಪಾತ್ರಧಾರಿಯ ಹಣೆಗಿಡಬೇಕು; ಆಮೇಲೆ ಅಂಗೈಯಿಂದ ಅವನ ಮುಖವೆಲ್ಲ ಸವರಬೇಕು. ಅದು ನನ್ನ ಕೆಲಸ, ನನ್ನ ಹೆಮ್ಮೆ. ಮೊದಲ ಪ್ರದರ್ಶನದಂದು ದುರುಗಪ್ಪ ಮೇಷ್ಟ್ರು ಬಂದು ನನ್ನ ಮುಂದೆ ಚಕ್ಕಳಮಕ್ಕಳ ಕೂತರು. ಕಣ್ಣು ಮುಚ್ಚಿ ಮುಖ ಎತ್ತಿದರು. ಬಣ್ಣದಲ್ಲಿ ಅದ್ದಿದ್ದ ನನ್ನ ಬೆರಳು — ಗೇಣು ದೂರದಲ್ಲಿ — ನಿಂತುಬಿಟ್ಟಿತು. ಎಲ್ಲರೂ ನೋಡುತ್ತಿದ್ದರು. ಬಾಯಿಗೆ ಬಂದದ್ದು ಆಡಿಬಿಟ್ಟೆ:

“ನಿನಗ್ಯಾಕಲೇ ಬಣ್ಣ? ದೇವ್ರ ಹಚ್ಚಿ ಕಳ್ಸ್ಯಾನಲ್ಲ!”

ಕೋಣೆಯೆಲ್ಲ ಗೊಳ್ಳೆಂದಿತು. ಅವರು ಕಣ್ಣು ತೆರೆದರು, ತಾವೂ ನಕ್ಕರು, ಎದ್ದು ಹೋದರು. ಮೊದಲ ಬೊಟ್ಟು ಜಡ್ಜನ ಪಾತ್ರದ ಬಸಣ್ಣನಿಗೆ ಹೋಯಿತು. ಹತ್ತಿ ದಲ್ಲಾಳಿ ಬಸಣ್ಣ ದುರುಗಪ್ಪ ಮೇಷ್ಟ್ರಿಗಿಂತ ಒಂದು ಕೈ ಹೆಚ್ಚೇ ಕಪ್ಪು! ಅವನನ್ನು ಬಿಳಿಯ ಸಾಹೇಬನನ್ನಾಗಿ ಮಾಡಲು ಅರ್ಧ ತಾಸು ತಿಕ್ಕಿದೆ. ಬಸಣ್ಣ ನಮ್ಮವನು, ಕೈ ಒಮ್ಮೆಯೂ ಅಳುಕಲಿಲ್ಲ.

ರಂಗದ ದೀಪಗಳ ಕೆಳಗೆ ಬಣ್ಣವಿಲ್ಲದ ಮುಖ, ಕಪ್ಪಿರಲಿ ಕೆಂಪಿರಲಿ, ಹಿಂದಿನ ಸಾಲಿಗೆ ಕಾಣುವುದಿಲ್ಲ. ಅಷ್ಟು ವರ್ಷ ಬಣ್ಣ ಹಚ್ಚಿದವನಿಗೆ ಗೊತ್ತಿರಲಿಲ್ಲವೇ? “ಮಕಾ ಕಾಣವಲ್ದೋ!” ಎಂದು ಯಾರೋ ಸೀಟಿ ಹೊಡೆದರು. ಆ ಹಿಂದಿನ ಸಾಲಿನಲ್ಲೇ ಮೇಷ್ಟ್ರ ತಾಯಿಯೂ ಕೂತಿದ್ದಳು. ನಾಟಕ ಮುಗಿದ ಮೇಲೆ ಬಣ್ಣದ ಕೋಣೆಯ ಬಾಗಿಲಿಗೆ ಬಂದು, ಒಳಗೆ ಕಾಲಿಡದೆ ಕೇಳಿದಳು:

“ಎಲ್ಲಾರಿಗೂ ಹಚ್ಚೀರಿ, ನನ್ನ ಮಗಗ್ಯಾಕ ಬಿಟ್ರಿ ಯಪ್ಪಾ?”

“ಬಣ್ಣ ತೀರಿತ್ತವ್ವಾ,” ಎಂದೆ.

ಅವಳು ನಂಬಿದಳು.

ಆ ವಾರ ಪತ್ರಿಕೆಯೊಂದು ಬರೆಯಿತು — ಬಣ್ಣವಿಲ್ಲದೆ ಕರಿಯನನ್ನು ನಿಲ್ಲಿಸಿದ್ದು ದಿಟ್ಟ ಪ್ರಯೋಗವಂತೆ! ಕಲ್ಪನೆ ಯಾರದು ಎಂದು ಕೇಳಿದವರಿಗೆ ನನ್ನದೇ ಎಂದೆ. ಆ ಮಟ್ಟಿಗೆ ನಿಜವನ್ನೇ ಹೇಳಿದ್ದೆ.

ಮುಂದಿನ ತಿಂಗಳು ಕುರುಗೋಡಿನಲ್ಲಿ ಎರಡನೆಯ ಪ್ರದರ್ಶನ. ದುರುಗಪ್ಪ ಮೇಷ್ಟ್ರು ಒಂದು ತೆಂಗಿನ ಚಿಪ್ಪು ಹಿಡಿದು ಬಂದರು. ಅದರ ತುಂಬ ಎಣ್ಣೆಯಲ್ಲಿ ಕಲಸಿದ ದೀಪದ ಕಾಡಿಗೆ.

“ಅವತ್ತು ಬಣ್ಣ ತೀರಿತ್ತಂತಲ್ರಿ. ನಮ್ಮವ್ವ ಮಾಡಿ ಕಳ್ಸ್ಯಾಳ. ಇದನ್ನ ಹಚ್ಚ್ರಿ.”

ದನಿಯಲ್ಲಿ ಸಿಟ್ಟಿರಲಿಲ್ಲ. ಕಣ್ಣು ಮಾತ್ರ ನನ್ನ ಮುಖ ಬಿಡಲಿಲ್ಲ. ಚಿಪ್ಪನ್ನು ನನ್ನ ಕೈಗೇ ಚಾಚಿದ್ದರು — ನಾನು ಕೈ ಹಿಂದಕ್ಕೆಳೆದುಕೊಂಡೆ.

“ಅಲ್ಲೇ ಕೆಳಗ ಇಡಲೇ.”

ಅವರು ಇಡಲಿಲ್ಲ. ಕನ್ನಡಿಯ ಮುಂದೆ ಹೋಗಿ ನಿಂತು, ತಾಯಿ ಕೊಟ್ಟ ಬಣ್ಣವನ್ನು ತಮ್ಮ ಕೈಯಾರೆ ಹಚ್ಚಿಕೊಂಡರು. ಅಂದು ಆ ಮುಖ ಕಡೆಯ ಸಾಲಿನವರೆಗೂ ಕಂಡಿತು. ಗಲ್ಲಿನ ದೃಶ್ಯಕ್ಕೆ ಕುರುಗೋಡಿನ ಜನ ಎದ್ದು ನಿಂತರು. ಮೇಷ್ಟ್ರು ಆ ಬಣ್ಣದಲ್ಲೇ ಬಸ್ಸು ಹತ್ತಿದರು; ಮತ್ತೆ ನಮ್ಮ ತಂಡದತ್ತ ತಲೆ ಹಾಕಲಿಲ್ಲ. “ಹೊಗಳಿಕಿ ತಲಿಗೇರೇತಿ ಅವಂಗ,” ಎಂದು ನಾನು ಊರಿಗೆಲ್ಲ ಹೇಳಿಕೊಂಡು ತಿರುಗಿದೆ. ಅಂಥ ನಟನನ್ನು ರಂಗದಿಂದ ಓಡಿಸಿದವ ನಾನೇ.

ಈಗ ತಂಡಕ್ಕೆ ಇಪ್ಪತ್ತೈದು ವರ್ಷ. ಆ ‘ದಿಟ್ಟ ಪ್ರಯೋಗ’ಕ್ಕಾಗಿ ನನಗೆ ಸನ್ಮಾನವಂತೆ! ತಂಡದ ಸ್ಮರಣ ಸಂಚಿಕೆಗೆ ಇದನ್ನೇ ಬರೆದುಕೊಟ್ಟೆ. ಕಾರ್ಯದರ್ಶಿ ಅದನ್ನು ವಾಪಸು ತಂದರು: “ಹಳೇ ಹುಣ್ಣು ಯಾಕ ಕೆರಿತೀರಿ? ನಿಮ್ಮ ಹೆಸರ ಕೆಡ್ತೈತಿ ನೋಡ್ರಿ.” ಕೆಡಲಿ. ಹುಣ್ಣು ನನ್ನದಲ್ಲ, ನಾನು ಮಾಡಿದ್ದು. ಆಗಿನ ಕಾಲವೇ ಹಾಗಿತ್ತು ಎನ್ನುವವರಿಗೂ ಹೇಳುತ್ತೇನೆ — ಕಾಲಕ್ಕೆ ಕೈ ಇರಲಿಲ್ಲ. ಕೈ ನನಗಿತ್ತು. ಒಂದಕ್ಷರ ತೆಗೆಯುವುದಿಲ್ಲ. ಅಚ್ಚು ಹಾಕದಿದ್ದರೆ ವೇದಿಕೆ ಹತ್ತಿ ಓದುತ್ತೇನೆ. ಶಾಲು ಬೇಡ, ಮೈಕು ಕೊಡಿ. ಮೈಕು ಬಂದ್ ಮಾಡಿದರೆ ಗಂಟಲಿದೆ.

ಮೇಷ್ಟ್ರೇ, ನಿಮಗೆ ಬರೆದ ಕಾಗದಕ್ಕೆ ಉತ್ತರ ಬರಲಿಲ್ಲ. ಬರಬೇಕಾಗಿಯೂ ಇಲ್ಲ, ಕ್ಷಮಿಸಿ ಎಂದು ಕೇಳಿ ನಿಮ್ಮ ಮೇಲೆ ಇನ್ನೊಂದು ಭಾರ ಹೊರಿಸಲಾರೆ. ನಿಮ್ಮ ತಾಯಿ ಹೋದರೆಂದು ಹೋದ ವರ್ಷ ಕೇಳಿದೆ. ಬಾಗಿಲಲ್ಲಿ ನಿಂತು ಅವರು ಕೇಳಿದ ಮಾತಿಗೆ ಉತ್ತರ ಮಾತ್ರ ನನ್ನಲ್ಲೇ ಉಳಿದಿದೆ — ಅದನ್ನು ಎಲ್ಲರೆದುರು ಹೇಳುತ್ತೇನೆ.

ಬಣ್ಣ ತೀರಿರಲಿಲ್ಲವ್ವಾ. ತಟ್ಟೆ ತುಂಬ ಇತ್ತು.