ಅರಿಗ ಸರ್ ಇಳಿದ ಕ್ರಮ

ಲ್ಯಾಬಿನ ಪಶ್ಚಿಮದ ಕಿಟಕಿಯಲ್ಲಿ ಬಿಸಿಲು ಎರಡನೇ ಸರಳಿಗೆ ಬಂತೆಂದರೆ ಅರಿಗ ಸರ್ ವಾಕ್ಯದ ನಡುವೆಯೇ ಎದ್ದುಬಿಡುತ್ತಿದ್ದರು. ಮೂಡುಬಿದಿರೆಯ ಜೈನರು. ಹೊತ್ತು ಕಂತುವ ಮೊದಲು ಮನೆ ಸೇರಿ ಊಟ ಮುಗಿಸಬೇಕು, ಆಮೇಲೆ ಒಂದು ತುತ್ತೂ ಇಲ್ಲ. ಬಂಟ್ವಾಳದಿಂದ ಸಿದ್ದಕಟ್ಟೆ ದಾರಿಯಾಗಿ ಹೋಗುವ ಆ ಬಸ್ಸು ತಪ್ಪಿದರೆ ಊಟವೂ ತಪ್ಪಿತು. ಹಾಗಾಗಿ ಎದುರಿಗೆ ಪ್ರಿನ್ಸಿಪಾಲರೇ ಇರಲಿ, "ಹೊತ್ತಾಯ್ತು, ಉಳಿದದ್ದು ನಾಳೆ ಮಾತಾಡುವ" ಎಂದು ಕೊಡೆ ಎತ್ತಿಕೊಂಡು ಹೊರಟೇಬಿಡುವವರು.

ಎಂಬತ್ತರ ದಶಕದ ಕೊನೆಯ ವರ್ಷಗಳವು. ಬಂಟ್ವಾಳದ ಹತ್ತಿರದ ಒಂದು ಖಾಸಗಿ ಪಾಲಿಟೆಕ್ನಿಕ್ಕಿಗೆ ಯುನಿಕ್ಸ್ ಎಂಬ ಕಂಪ್ಯೂಟರ್ ಯಂತ್ರವೊಂದು ಬಂದು ಕೆಲವು ವರ್ಷಗಳಾಗಿದ್ದವು. ಯಂತ್ರ ಒಂದೇ, ಅದಕ್ಕೆ ತಗಲಿಸಿದ ಹಸಿರು ಅಕ್ಷರದ ಟರ್ಮಿನಲ್‌ಗಳು ಹಲವು. ನಾನು ಬೆಳ್ತಂಗಡಿಯಿಂದ ದಿನಾ ಬಂದು ಹೋಗುವ ತಾತ್ಕಾಲಿಕ ಇನ್‌ಸ್ಟ್ರಕ್ಟರ್. ಮನೆಯಲ್ಲಿ ಅಮ್ಮ, ಕಾಲೇಜಿಗೆ ಹೋಗುವ ತಂಗಿ. ಇಬ್ಬರೂ ನನ್ನ ಸಂಬಳವನ್ನೇ ನಂಬಿದವರು. ಅರಿಗ ಸರ್ ನಮ್ಮ ವಿಭಾಗದ ಹೆಡ್. ಎಲೆಕ್ಟ್ರಾನಿಕ್ಸ್ ಕಲಿಸುತ್ತ ಎಪ್ಪತ್ತರ ದಶಕವನ್ನು ನೆಮ್ಮದಿಯಿಂದ ಕಳೆದಿದ್ದ ಮನುಷ್ಯನನ್ನು, ಬೇರೆ ಯಾರೂ ಒಪ್ಪಲಿಲ್ಲವೆಂದು ಆ ಕುರ್ಚಿಯಲ್ಲಿ ಕೂರಿಸಿದ್ದರು. ನಾನು ನೋಡುವಾಗಲೇ ಅವರು ಸಾಕಾಗಿ ಹೋಗಿದ್ದರು. ನಿಟ್ಟುಸಿರು ಬಿಡದೆ ಫೋನ್ ಎತ್ತಿದ್ದನ್ನು ನಾನು ಕಂಡದ್ದಿಲ್ಲ.

ಆ ಯಂತ್ರದಲ್ಲಿ ರೂಟ್ ಎಂಬ ಒಂದು ಹೆಸರುಂಟು. ಆ ಹೆಸರಿನಲ್ಲಿ ಬಂದವರಿಗೆ ತಡೆಯೇ ಇಲ್ಲ, ಯಾರ ಫೈಲನ್ನೂ ಅಳಿಸಬಹುದು. ಅದರ ಪಾಸ್‌ವರ್ಡ್ ಸರ್ ಒಬ್ಬರ ಹತ್ತಿರ ಇತ್ತು. ಆದರೂ ಅವರು ದಿನವೂ ಒಳಬರುತ್ತಿದ್ದದ್ದು ವಿದ್ಯಾರ್ಥಿಗಳ ಹಾಗೆ, ಸ್ವಂತ ಹೆಸರಿನಲ್ಲಿ. ಯಾಕೆಂದು ಕೇಳಿದರೆ, "ಹೊರಗೆ ಹೆಡ್ ಆಗಿ ಸಾಕಾಗಿದೆ ಮಾರಾಯ್ತಿ. ಇಲ್ಲಿಯಾದ್ರೂ ನೇಮಿರಾಜ ಆಗಿ ಇರ್ತೇನೆ" ಎನ್ನುತ್ತಿದ್ದರು.

ಅವರ ಮುಖ ಅರಳುತ್ತಿದ್ದದ್ದು ಒಂದೇ ಒಂದು ಪಾಠದಲ್ಲಿ. ನಾವು ಹೆಸರು, ಪಾಸ್‌ವರ್ಡ್ ಕೊಟ್ಟು ಒಳಹೋಗುತ್ತೇವಲ್ಲ, ಆ ಲಾಗಿನ್ ಪ್ರೋಗ್ರಾಂ ಓಡುವುದು ರೂಟ್ ಆಗಿಯೇ. ನಮ್ಮನ್ನು ಗುರುತಿಸಿದ ಮೇಲೆ ಅದು ತನ್ನ ದೊಡ್ಡಸ್ತಿಕೆ ಬಿಟ್ಟು ನಮ್ಮ ಗುರುತನ್ನು ಹಾಕಿಕೊಳ್ಳಬೇಕು. ಆ ಗುರುತಿನಲ್ಲಿ ಎರಡು ಭಾಗ: ನೀನು ಯಾರು ಎನ್ನುವ ಯೂಸರ್, ಯಾವ ಗುಂಪಿನವನು ಎನ್ನುವ ಗ್ರೂಪ್. ಎರಡನ್ನೂ ಬದಲಿಸಿಕೊಡುವುದು ಯಂತ್ರದ ಒಳಗೆ ಕೂತು ಎಲ್ಲಕ್ಕೂ ಅಪ್ಪಣೆ ಕೊಡುವ ಕರ್ನಲ್. ಸರ್ ಇದನ್ನು ಹೇಳಿ ಮುಗಿಸಿ, ಯಾವುದು ಮೊದಲು ಎಂಬ ಕ್ರಮವನ್ನು ಮಾತ್ರ ಹೇಳದೆ, ಅಂಥದೇ ಪ್ರೋಗ್ರಾಂ ಬರೆಯಿರಿ ಎಂದು ಸುಮ್ಮನೆ ಕೂರುತ್ತಿದ್ದರು. ಪ್ರತಿ ವರ್ಷ ಯಾರಾದರೊಬ್ಬ ಮೊದಲು ಯೂಸರ್ ಬದಲಿಸಿ ಆಮೇಲೆ ಗ್ರೂಪಿಗೆ ಕೈಹಾಕುತ್ತಿದ್ದ. ಸರ್ ಅದನ್ನು ರೂಟ್ ಆಗಿ ಓಡಿಸಿಕೊಟ್ಟರೂ ಅಪ್ಪಣೆ ಇಲ್ಲ ಎಂದು ಪರದೆಯಲ್ಲಿ ಬರುತ್ತಿತ್ತು. ಸರ್ ಕುರ್ಚಿ ಎಳೆದುಕೊಂಡು ಅವನ ಪಕ್ಕ ಬರುತ್ತಿದ್ದರು.

"ಎಂತ ಆಯ್ತು ಗೊತ್ತುಂಟಾ? ಗ್ರೂಪ್ ಬದಲಿಸಿ ಕೊಡಿ ಅಂತ ಈಗ ಕೇಳುವುದು ಯಾರು? ರೂಟಾ? ರೂಟ್ ಆಗಿದ್ದವ ಆಗಲೇ ಇಳಿದು ಹೋದ. ಈಗ ಕೇಳುವವ ನಮ್ಮ ಹಾಗೆ ಒಬ್ಬ ಸಾಮಾನ್ಯ. ಅವನ ಮಾತು ಯಾರು ಕೇಳ್ತಾರೆ ಮಾರಾಯ? ವಾಪಸ್ ಹತ್ತುವ ಅಂದ್ರೆ ಅದೂ ಇಲ್ಲ. ಇಳಿಯುವುದಾದ್ರೆ ಇಳಿ, ಬೇಡ ಹೇಳುವುದಿಲ್ಲ. ಕೈಯಲ್ಲಿ ಅಧಿಕಾರ ಇರುವಾಗ ಬೇರೆಲ್ಲ ಸರಿ ಮಾಡಿ, ಕಡೆಗೆ ಇಳಿ. ಗ್ರೂಪ್ ಮೊದಲು, ಯೂಸರ್ ಆಮೇಲೆ."

ನನ್ನ ಕೆಲಸ ಖಾಯಂ ಮಾಡಿಸುವ ಮಾತನ್ನು ಅವರೇ ಎತ್ತಿದ್ದರು. ನೇಮಕದ ಸಮಿತಿಯಲ್ಲಿ ಹೆಡ್ ಆದವರು ಕೂತು ಹೆಸರು ಹೇಳಬೇಕು, ಅಷ್ಟೆ. "ಮಳೆಗಾಲ ಹಿಡಿಯುವ ಮೊದಲು ಮಾಡಿಸುವ ಜಾನಕೀ, ನೀವು ತಲೆಬಿಸಿ ಮಾಡಬೇಡಿ" ಎಂದಿದ್ದರು. ನಾನು ಅಮ್ಮನಿಗೂ ಹೇಳಿಬಿಟ್ಟಿದ್ದೆ.

ಒಂದು ದಿನ ಆಡಳಿತ ಮಂಡಳಿಯವರು, ತರಗತಿಗೆ ಬಾರದ ಯಾರದೋ ಮಗನಿಗೆ ಹಾಜರಿ ಕೊಡಿ ಎಂದು ಸರ್ ಅವರನ್ನು ಕರೆಸಿಕೊಂಡರು. ಅಂಥ ಮಾತು ಅವರಿಗೆ ಹೊಸತೇನಲ್ಲ. ಆದರೆ ಆ ದಿನ ಅವರು ಜಗಳವನ್ನೂ ಆಡದೆ, ಹೆಡ್ ಕೆಲಸ ಬೇಡವೆಂದು ಬಿಟ್ಟು ಬಂದರು. ಲ್ಯಾಬಿಗೆ ಬಂದು ಬೆಂಚಿನಲ್ಲಿ ಕೂತು, "ಇಳಿದೆ" ಎಂದರು. ಅಷ್ಟು ಹಗುರಾದ ಮುಖವನ್ನು ನಾನು ಅವರಲ್ಲಿ ಕಂಡಿರಲಿಲ್ಲ. ನನಗೂ ಖುಷಿಯಾಯಿತು. ಕ್ಯಾಂಟೀನಿನಿಂದ ಗೋಳಿಬಜೆ ತರಿಸಿ ಇಬ್ಬರೂ ತಿಂದೆವು. ಪ್ರತಿ ವರ್ಷ ಆ ಪಾಠ ಮಾಡುವವರಿಗೂ ಕೇಳುವವಳಿಗೂ ಆ ಹೊತ್ತಿಗೆ ಒಂದೂ ಹೊಳೆಯಲಿಲ್ಲ.

ಅದಾಗಿ ಒಂದು ವಾರದೊಳಗೆ ನೇಮಕದ ಸಮಿತಿ ಕೂತಾಗ ಹೊಸ ಹೆಡ್ ತಮ್ಮ ಕಡೆಯವರೊಬ್ಬರ ಹೆಸರು ಹೇಳಿದರು. ಅರಿಗ ಸರ್ ಪ್ರಿನ್ಸಿಪಾಲರ ಕೋಣೆಗೆ ಓಡಿದರು. "ಈಗ ಅದು ನಿಮ್ಮ ವಿಷಯ ಅಲ್ಲವಲ್ಲ ಅರಿಗರೇ" ಎಂಬ ಉತ್ತರ ಸಿಕ್ಕಿತಂತೆ. ನೇರ ನನ್ನ ಬಳಿ ಬಂದರು. "ನಾನು ಇಳಿದು ಆಮೇಲೆ ಕೇಳಿದೆ ಜಾನಕೀ. ನಿಮ್ಮ ಕೆಲಸ ಹೋಯ್ತು" ಎಂದರು. ಸುತ್ತಿ ಬಳಸಿ ಹೇಳಲು ಅವರಿಗೆ ಬರುತ್ತಿರಲಿಲ್ಲ. ನನಗೆ ಅವರ ಮೇಲೆ ಕೆಟ್ಟ ಸಿಟ್ಟು ಬಂತು. ಒಂದು ವಾರ ತಡೆದು ಇಳಿದಿದ್ದರೆ ಏನಾಗುತ್ತಿತ್ತು?

ನನ್ನ ಕೊನೆಯ ದಿನ ಮಧ್ಯಾಹ್ನದಿಂದ ಸರ್ ಲ್ಯಾಬಿನ ಕಡೆ ಬರಲೇ ಇಲ್ಲ. ಮುಖ ತೋರಿಸಲಾಗದೆ ಬೇಗ ಬಸ್ಸು ಹತ್ತಿರಬೇಕು ಎಂದುಕೊಂಡೆ. ಸಾಮಾನು ಕಟ್ಟಿ, ಬೀಗದ ಕೈ ಒಪ್ಪಿಸಿ ನಾನು ಪೇಟೆಯ ಬಸ್ ಸ್ಟ್ಯಾಂಡಿಗೆ ಬರುವಾಗ ಹೊತ್ತು ಕಂತಿತ್ತು. ಅಂಗಡಿಗಳಲ್ಲಿ ದೀಪ ಹಾಕುತ್ತಿದ್ದರು. ಆ ಬೆಳಕಿನಲ್ಲಿ ಕೊಡೆ ಊರಿಕೊಂಡು ಅರಿಗ ಸರ್ ನಡೆದು ಬಂದರು.

"ಸರ್, ನೀವು ಇನ್ನೂ ಇಲ್ಲಿ?"

"ಆಡಳಿತದವರ ಆಫೀಸಿನ ಹೊರಗೆ ಕೂತಿದ್ದೆ. ಒಳಗೆ ಕರೆಯುವಾಗ ಇಷ್ಟು ಹೊತ್ತಾಯ್ತು."

"ಎಂತಕ್ಕೆ ಹೋದದ್ದು ಸರ್?"

"ಹೆಡ್ ಕೆಲಸ ವಾಪಸ್ ಕೊಡಿ ಅಂತ ಕೇಳ್ಲಿಕ್ಕೆ" ಎಂದರು. "ಬೇಕಾದ್ರೆ ಆ ಹುಡುಗನಿಗೆ ಹಾಜರಿ ಸಹ ಕೊಡ್ತೇನೆ, ಜಾನಕಿಯದ್ದು ಖಾಯಂ ಮಾಡಿ ಅಂದೆ. ಆಗುವುದಿಲ್ಲಂತೆ. ಇಳಿದವ ಹತ್ತಲಿಕ್ಕಿಲ್ಲ ಅಂತ ಇಷ್ಟು ವರ್ಷ ನಾನೇ ಪಾಠ ಮಾಡಿದ್ದಲ್ವಾ. ಆದ್ರೂ ಕೇಳಿ ನೋಡಿದೆ."

ನನ್ನ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಚೀಲದಲ್ಲಿ ತಂಗಿಗೆಂದು ಕೊಂಡ ಬಾಳೆಹಣ್ಣಿತ್ತು. ಎರಡು ಮುರಿದು ಕೊಡಹೋದೆ. ಆಕಾಶವನ್ನು ಒಮ್ಮೆ ನೋಡಿದರು.

"ಹೊತ್ತು ಹೋಯ್ತಲ್ಲ. ಕೊಡಿ, ನಾಳೆ ಬೆಳಿಗ್ಗೆಗೆ ಆಗ್ತದೆ" ಎಂದು ಜೇಬಿಗೆ ಹಾಕಿಕೊಂಡರು. ಮೂಡುಬಿದಿರೆಯ ಬಸ್ಸು ಬಂತು. ಹತ್ತುವಾಗ ಕಂಬಿ ಹಿಡಿದು ಒಂದು ಗಳಿಗೆ ನಿಂತರು, ಸುಸ್ತಾಗಿರಬೇಕು.

ಅದೇ ಕೊನೆಯ ಭೇಟಿ. ನನಗೆ ಉಜಿರೆಯಲ್ಲಿ ಕೆಲಸ ಸಿಕ್ಕಿದ್ದನ್ನು ಹೇಳಲು ಹೋಗಬೇಕು ಎಂದುಕೊಳ್ಳುತ್ತಿರುವಾಗಲೇ ಅವರು ತೀರಿಕೊಂಡ ಸುದ್ದಿ ಬಂತು.

ಬಸ್ ಸ್ಟ್ಯಾಂಡಿನಲ್ಲಿ ಅವರನ್ನು ಬೀಳ್ಕೊಟ್ಟ ಆ ಸಂಜೆ ನಾನು ಬೆಳ್ತಂಗಡಿ ಮುಟ್ಟಿದಾಗ ಅಮ್ಮ ತಟ್ಟೆ ಹಾಕಿ ಕಾಯುತ್ತಿದ್ದರು. ಹಸಿವಿಲ್ಲ ಎಂದೆ. ಕೆಲಸ ಹೋದ ದುಃಖ ಎಂದುಕೊಂಡು ಅಮ್ಮ ಒತ್ತಾಯ ಮಾಡಲಿಲ್ಲ.